ಟರ್ಬೊ ಕಾರು ಆಯಿಲ್ ಕುಡಿಯುತ್ತಿದ್ದರೆ ಎಂಜಿನ್ ಬಿಚ್ಚುವ ಮೊದಲು ನೋಡಬೇಕಾದದ್ದು

ಕುಂಬಳೆ ಕಡೆಯ ಮೆಕ್ಯಾನಿಕ್ ಒಬ್ಬರು ಹೊಗೆ ನೋಡಿ ಮಲಯಾಳದಲ್ಲಿ "ಎಂಜಿನ್ ಪೋಯಿ" ಅಂದರು. ಮಂಗಳೂರಿನ ಇನ್ನೊಬ್ಬರು ತುಳುವಿನಲ್ಲಿ "ಟರ್ಬೊ ಪೋಂಡು" ಅಂದರು. ಎರಡು ಭಾಷೆಯಲ್ಲಿ ಎರಡು ಬೇರೆ ಬೇರೆ ಸಾಮಾನು ಹೋಗಿತ್ತು. ಮಂಡೆಬೆಚ್ಚ ಮಾತ್ರ ನನಗೆ ಒಬ್ಬನಿಗೇ.

ಕಾರು 2005ರ ಮಾಡೆಲ್. 1.8 ಲೀಟರ್ ಟರ್ಬೊ ಪೆಟ್ರೋಲ್ (ಟರ್ಬೊ ಅಂದರೆ ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಸಾಮಾನು), ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಐದು ವಾಲ್ವ್, 150 ಕುದುರೆಯ ಬಲ. ನಾಲ್ಕು ಬಾಗಿಲಿನ ಕಾರನ್ನು ಸ್ಪೋರ್ಟ್ಸ್ ಕಾರು ಅನ್ನುವುದಾ ಅಂತ ನನ್ನ ಭಾವ ನಗುತ್ತಾರೆ. ಸೀತಾಂಗೋಳಿಯ ಏರಿನಲ್ಲಿ ಒಮ್ಮೆ ಕೂರಿಸಿಕೊಂಡು ಹೋದ ಮೇಲೆ ನಗು ಸ್ವಲ್ಪ ಕಡಿಮೆಯಾಗಿದೆ. ಮಂಗಳೂರಿನ ಕೆಎ-19 ನಂಬರಿನಲ್ಲಿ ಕೊಂಡು ಕಾಸರಗೋಡಿನ ಕೆಎಲ್-14ಕ್ಕೆ ಬದಲಾಯಿಸುವಾಗ ಓಡಿದ್ದು 1,32,000 ಕಿಲೋಮೀಟರ್. ಅದಾಗಿ ಎರಡೇ ತಿಂಗಳಿಗೆ ಆಯಿಲ್ ಲೈಟು ಹಳದಿ ಕಣ್ಣು ಬಿಡತೊಡಗಿತು.

ಮುಂದೆ ಬರೆದಿರುವುದು ನಾನು ಮಾಡಿದ ಕ್ರಮವಲ್ಲ, ಮಾಡಬೇಕಾಗಿದ್ದ ಕ್ರಮ. ನನ್ನ ಕ್ರಮಕ್ಕೆ 38 ಸಾವಿರ ರೂಪಾಯಿ ಸುಮ್ನೆ ಹೋಯಿತು. ಅದನ್ನೂ ಹೇಳುತ್ತೇನೆ.

ಮೊದಲು ಅಳತೆ

"ಆಯಿಲ್ ತುಂಬಾ ತಿನ್ನುತ್ತದೆ" ಅನ್ನುವುದು ಅಳತೆ ಅಲ್ಲ. ಎಷ್ಟು ಕಿಲೋಮೀಟರಿಗೆ ಎಷ್ಟು ಮಿಲಿಲೀಟರ್ ಅಂತ ಬರೆದಿಡದೆ ಮುಂದಿನ ಯಾವ ಪರೀಕ್ಷೆಗೂ ಅರ್ಥ ಇಲ್ಲ. ಟರ್ಬೊ ಎಂಜಿನ್ ಸ್ವಲ್ಪ ಆಯಿಲ್ ಸುಡುವುದು ಸಹಜ. 1000 ಕಿಲೋಮೀಟರಿಗೆ 200 ಮಿಲಿ ಹೋದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅರ್ಧ ಲೀಟರ್ ದಾಟಿದರೆ ಕಾರಣ ಹುಡುಕುತ್ತೇನೆ. ಈ ಕಾಲದ ಕೆಲವು ಕಾರುಗಳ ಪುಸ್ತಕದಲ್ಲಿ 1000 ಕಿಲೋಮೀಟರಿಗೆ ಒಂದು ಲೀಟರ್ ವರೆಗೆ ಹೋಗಬಹುದು ಅಂತ ಬರೆದಿರುತ್ತದೆ. ಅದು ಗಿರಾಕಿಯ ಬಾಯಿ ಮುಚ್ಚಿಸಲು ಬರೆದದ್ದು ಅಂತ ನನ್ನ ಅನಿಸಿಕೆ.

ಅಳೆಯಲು ಸಮತಟ್ಟು ಜಾಗ ಬೇಕು. ನಮ್ಮ ಕಡೆ ಅದೇ ಕಷ್ಟ. ಮನೆ ಗುಡ್ಡೆಯ ಬದಿಯಲ್ಲಿ, ಶೆಡ್ಡು ಇಳಿಜಾರಿನಲ್ಲಿ. ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಡಿಪ್‌ಸ್ಟಿಕ್ ಒಂದು ಹೇಳುತ್ತದೆ, ತಿರುಗಿಸಿ ನಿಲ್ಲಿಸಿದರೆ ಇನ್ನೊಂದು. ನಾನು ಕೊನೆಗೆ ಅಡಿಕೆ ಒಣಗಿಸುವ ಅಂಗಳಕ್ಕೆ ಕಾರು ತಂದೆ. ಊರಲ್ಲಿ ಅದಕ್ಕಿಂತ ಸಮತಟ್ಟು ಜಾಗ ಇನ್ನೊಂದಿಲ್ಲ. ಅಡಿಕೆ ಹರಡಿದ ತಿಂಗಳುಗಳಲ್ಲಿ ಮಾತ್ರ ಮನೆಯವರ ಬೈಗುಳ ಕೇಳಬೇಕಾಗುತ್ತದೆ.

ಎಂಜಿನ್ ಬಿಸಿ ಮಾಡಿ, ಆರಿಸಿ, ಹತ್ತು ನಿಮಿಷ ಬಿಡಿ. ಮೇಲೆ ಉಳಿದ ಆಯಿಲ್ ಸಂಪ್‌ಗೆ, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಗೆ ಇಳಿಯಲಿ. ಡಿಪ್‌ಸ್ಟಿಕ್ ಒರೆಸಿ, ಪುನಃ ಹಾಕಿ ನೋಡಿ. ಮೇಲಿನ ಗುರುತಿನ ವರೆಗೆ ತುಂಬಿಸಿ ಓಡೋಮೀಟರ್ ಬರೆದುಕೊಳ್ಳಿ. ಮತ್ತೆ 500 ಕಿಲೋಮೀಟರಿಗೆ ಅದೇ ಜಾಗ, ಅದೇ ದಿಕ್ಕು, ಅದೇ ಹತ್ತು ನಿಮಿಷ. ಅದೇ ಗುರುತಿಗೆ ಬರಲು ಎಷ್ಟು ಹಿಡಿಯಿತು ಅಂತ ಮದ್ದು ಅಳೆಯುವ ಗ್ಲಾಸಿನಲ್ಲಿ ಅಳೆದು ಹಾಕಿ. ಹೆಚ್ಚಿನ ಕಾರುಗಳಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಒಂದು ಲೀಟರಿನ ಆಸುಪಾಸು ಇರುತ್ತದೆ. ನನ್ನದು 500ಕ್ಕೆ 550 ಮಿಲಿ ಕುಡಿಯುತ್ತಿತ್ತು.

ಮೇಲಿನ ಗುರುತು ದಾಟಿಸಿ ತುಂಬಬೇಡಿ. ಜಾಸ್ತಿ ಆಯಿಲನ್ನು ಕ್ರ್ಯಾಂಕ್ ಕಡೆದು ನೊರೆ ಮಾಡುತ್ತದೆ. ಆ ನೊರೆ ಬ್ರೀದರಿನ (ಎಂಜಿನ್ನಿನ ಹೊಟ್ಟೆಯ ಗ್ಯಾಸ್ ಸಾಗಿಸುವ ಪೈಪಿನ) ದಾರಿಯಲ್ಲಿ ಹೋಗಿ ಸುಡುತ್ತದೆ. ಕಾರು ಆಯಿಲ್ ತಿನ್ನುತ್ತದೆ ಅಂತ ಹೆದರಿ ತುಂಬಿದ್ದೇ ಇನ್ನೂ ತಿನ್ನಲು ಕಾರಣವಾಗುತ್ತದೆ.

ಹೊರಗೆ ಸೋರುತ್ತಿದೆಯಾ?

ರಾತ್ರಿ ಕಾರಿನ ಅಡಿಗೆ ಒಂದು ದೊಡ್ಡ ರಟ್ಟು ಇಡಿ. ನಾನು ಮೊದಲು ಅಡಿಕೆ ಹಾಳೆ ಇಟ್ಟು ನೋಡಿದೆ, ಬೆಳಿಗ್ಗೆಗೆ ಮುದುಡಿಕೊಂಡಿತ್ತು. ರಟ್ಟೇ ವಾಸಿ. ಚಕ್ರ ಎಲ್ಲಿತ್ತು ಅಂತ ಅದರಲ್ಲಿ ಗುರುತು ಹಾಕಿದರೆ ಹನಿ ಎಂಜಿನ್ನಿನ ಯಾವ ಮೂಲೆಯದ್ದು ಅಂತ ಗೊತ್ತಾಗುತ್ತದೆ.

ನಮ್ಮ ಕೆಂಪು ಮಣ್ಣು ಇಲ್ಲಿ ಉಪಕಾರಕ್ಕೆ ಬರುತ್ತದೆ. ಹೆದ್ದಾರಿ 66ರ ಅಗಲೀಕರಣ ನಡೆಯುವಾಗ ಆ ದಾರಿಯಲ್ಲಿ ಓಡಾಡಿದ ಎಂಜಿನ್ನಿನ ಅಡಿಭಾಗ ನೋಡಿ. ಒಣಗಿದ ಜಾಗದಲ್ಲಿ ಬರೀ ಧೂಳು. ಆಯಿಲ್ ಒಸರುವ ಜಾಗದಲ್ಲಿ ಅದೇ ಧೂಳು ಕಲಸಿದ ಹಿಟ್ಟಿನ ಹಾಗೆ ಅಂಟಿರುತ್ತದೆ. ಅದನ್ನು ಹಿಡಿದು ಮೇಲೆ ಮೇಲೆ ಹೋದರೆ ಮೂಲ ಸಿಗುತ್ತದೆ. ಸೋರಿಕೆ ಯಾವಾಗಲೂ ಮೇಲಿನಿಂದ ಶುರು. ಸಂಪಿನ ಗ್ಯಾಸ್ಕೆಟ್ ಒದ್ದೆ ಇದೆ ಅಂತ ಅದನ್ನೇ ಬದಲಾಯಿಸಿದವರು ಎಷ್ಟೋ ಮಂದಿ. ಸೋರುತ್ತಿದ್ದದ್ದು ತುದಿಯ ವಾಲ್ವ್ ಕವರ್.

ಕಾರಿನ ಅಡಿಗೆ ಹೋಗುವಾಗ ಜ್ಯಾಕನ್ನು ನಂಬಬೇಡಿ. ಕೆಂಪು ಕಲ್ಲನ್ನಂತೂ ನಂಬಲೇಬೇಡಿ. ಗೋಡೆ ಕಟ್ಟಲು ಅದು ಒಳ್ಳೆಯದು, ಕಾರಿನ ಭಾರ ಒಂದೇ ಕಡೆ ಕೂತರೆ ಫಟ್ಟಂತ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ತನ್ನಿ.

ಒಂದು ಕಡೆ ಮಾತ್ರ ಸೋರಿದರೆ ಆ ಗ್ಯಾಸ್ಕೆಟ್ ಹಳತಾಗಿದೆ, ಅಷ್ಟೆ. ಮೂರು ನಾಲ್ಕು ಕಡೆ ಒಟ್ಟಿಗೆ ಒಸರತೊಡಗಿದರೆ, ಅಥವಾ ಡಿಪ್‌ಸ್ಟಿಕ್ ತಾನಾಗಿ ಮೇಲೆ ಎದ್ದು ಬಂದರೆ, ಗ್ಯಾಸ್ಕೆಟ್ ಕೊಳ್ಳಲು ಓಡಬೇಡಿ. ಎಂಜಿನ್ನಿನ ಹೊಟ್ಟೆಯಲ್ಲಿ ಗಾಳಿಯ ಒತ್ತಡ ಜಾಸ್ತಿಯಾಗಿದೆ ಅಂತ ಅರ್ಥ. ನನ್ನ ಕಾರಿನಲ್ಲಿ ವಾಲ್ವ್ ಕವರ್, ಟೆನ್ಷನರ್, ಫಿಲ್ಟರ್ ಕೂರುವ ಜಾಗ, ಮೂರೂ ಒದ್ದೆ ಇದ್ದವು. ನಾನದನ್ನು ನೋಡಿದ್ದೆ. ಅರ್ಥ ಮಾಡಿಕೊಂಡಿರಲಿಲ್ಲ.

ಹೊಗೆ ಯಾವಾಗ ಬರುತ್ತದೆ?

ಬಣ್ಣ ಎಲ್ಲರಿಗೂ ಗೊತ್ತು. ನೀಲಿ ಅಂದರೆ ಆಯಿಲ್, ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ, ನಿಲ್ಲದೆ ಬರುವ ಬಿಳಿ ಹೊಗೆಗೆ ಸಿಹಿ ವಾಸನೆ ಇದ್ದರೆ ಕೂಲೆಂಟ್. ಆಟಿ ತಿಂಗಳ ಮಳೆಯ ಬೆಳಿಗ್ಗೆ ಎಲ್ಲ ಕಾರೂ ಬಿಳಿ ಹೊಗೆ ಬಿಡುತ್ತದೆ, ಅದು ನೀರಿನ ಆವಿ. ಬಣ್ಣಕ್ಕಿಂತ ಹೊತ್ತು ಮುಖ್ಯ.

ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಸ್ಟಾರ್ಟ್ ಆದ ಕೂಡಲೇ ಒಂದು ಬುಗ್ಗೆ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲ್ ಮೇಲೆ ಅನುಮಾನ. ವಾಲ್ವಿನ ಕಾಂಡದ ಸುತ್ತಲಿನ ರಬ್ಬರ್ ಗಟ್ಟಿಯಾಗಿ, ಮೇಲಿನ ಆಯಿಲ್ ರಾತ್ರಿ ಹನಿ ಹನಿಯಾಗಿ ಒಳಗೆ ಇಳಿದಿರುತ್ತದೆ. ಇದನ್ನು ಖಚಿತ ಮಾಡಲು ನಮ್ಮ ರಸ್ತೆಗಳು ಹೇಳಿ ಮಾಡಿಸಿದ ಹಾಗಿವೆ. ಬದಿಯಡ್ಕ–ಪೆರ್ಲ ದಾರಿಯಲ್ಲಿ ಏರು ಇಳಿತಕ್ಕೆ ಬರ ಇಲ್ಲ. ಹಿಂದಿನಿಂದ ಬೈಕಿನಲ್ಲಿ ಒಬ್ಬರನ್ನು ಬರಲು ಹೇಳಿ. ಉದ್ದದ ಇಳಿಜಾರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯಿರಿ. ಥ್ರಾಟಲ್ (ಗಾಳಿ ಬಿಡುವ ಬಾಗಿಲು) ಮುಚ್ಚಿರುವುದರಿಂದ ಇಂಟೇಕಿನಲ್ಲಿ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ಬಲವಾದ ಎಳೆತ ಇರುತ್ತದೆ. ಸೀಲ್ ಸಡಿಲ ಇದ್ದರೆ ಆಯಿಲನ್ನು ಒಳಗೆ ಎಳೆಯುತ್ತದೆ. ಕೆಳಗೆ ಮುಟ್ಟಿ ಮತ್ತೆ ತುಳಿದಾಗ ನೀಲಿ ಹೊಗೆ ಬಂತಾ? ಸೀಲ್ ಅಥವಾ ಗೈಡ್ (ವಾಲ್ವಿನ ಕಾಂಡ ಜಾರುವ ಕೊಳವೆ).

ಏರಿನಲ್ಲಿ, ಎಂಜಿನ್ ದುಡಿಯುತ್ತಿರುವಷ್ಟು ಹೊತ್ತೂ ಹೊಗೆ ಬಂದರೆ ಪಿಸ್ಟನ್ ರಿಂಗ್, ಅಂದರೆ ಪಿಸ್ಟನ್ ಸುತ್ತಲಿನ ಉಂಗುರದ ಕಡೆಗೆ ನೋಡಬೇಕು. ಅಡಿಕೆಗೆ ಮದ್ದು ಬಿಡುವ ಪಂಪಿನ ಸವೆದ ಎಂಜಿನ್ ನೋಡಿದವರಿಗೆ ಈ ಹೊಗೆಯ ಪರಿಚಯ ಇದೆ.

ನನ್ನದು ಈ ಎರಡೂ ಅಲ್ಲ. ರೈಲು ಗೇಟು ಬಿದ್ದು ಐದು ನಿಮಿಷ ಐಡಲಿನಲ್ಲಿ ನಿಂತು, ಗೇಟು ಎದ್ದ ಮೇಲೆ ಹೊರಟರೆ ಹಿಂದಿನ ಆಟೋದವರು ಕಾಣದಷ್ಟು ನೀಲಿ ಹೊಗೆ. ಆಮೇಲೆ ದಾರಿಯುದ್ದಕ್ಕೂ ಏನೂ ಇಲ್ಲ. ನಿಂತಲ್ಲೇ ಆಯಿಲ್ ಸೇರಿಕೊಂಡು, ಹೊರಟಾಗ ಸುಡುವುದು ಟರ್ಬೊದ ಲಕ್ಷಣ. "ಟರ್ಬೊ ಪೋಂಡು" ಅಂದವರು ದಡ್ಡರೇನಲ್ಲ.

ಇನ್ನೊಂದು ಮಾತು. ಹೊಗೆ ಇಲ್ಲ ಅಂದ ಮಾತ್ರಕ್ಕೆ ಆಯಿಲ್ ಸುಡುತ್ತಿಲ್ಲ ಅಂತ ಅಲ್ಲ. ಎಕ್ಸಾಸ್ಟಿನ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾದರೆ ಸ್ವಲ್ಪ ಆಯಿಲ್ ಹೊಗೆಯನ್ನು ತಾನೇ ಸುಟ್ಟು ಮುಗಿಸುತ್ತದೆ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಸಿಕ್ಕಿತು ಅಂತ ಸಮಾಧಾನಪಡಬೇಡಿ.

ಟರ್ಬೊ ಬದಲಾಯಿಸಿದ ಕತೆ

ನಾನು ಟರ್ಬೊ ಬದಲಾಯಿಸಿದೆ. ರೀಕಂಡಿಷನ್ ಮಾಡಿದ್ದು, ಕೂಲಿ ಸೇರಿ 38 ಸಾವಿರ. ಮೂರು ವಾರ ಆಗಲಿಲ್ಲ, ಅದೇ ರೈಲು ಗೇಟು, ಅದೇ ಹೊಗೆ. ಕೊಟ್ಟವರು "ಎಂಜಿನ್ನಿನದ್ದೇ ತೊಂದರೆ" ಅಂದರು. ಆ ಹೊತ್ತಿಗೆ ಅದು ಜಾರಿಕೊಳ್ಳುವ ಮಾತು ಅಂತ ಅನ್ನಿಸಿತ್ತು. ಈಗ ನೋಡಿದರೆ ಅವರು ಹೇಳಿದ್ದು ನಿಜವೇ.

ಟರ್ಬೊ ಒಳಗೆ ಏನಿದೆ ಅಂತ ಆಮೇಲೆ ಕೂತು ತಿಳಿದುಕೊಂಡೆ. ಒಂದು ಸಣ್ಣ ಶಾಫ್ಟ್, ಒಂದು ತುದಿಯಲ್ಲಿ ಎಕ್ಸಾಸ್ಟ್ ಚಕ್ರ, ಇನ್ನೊಂದರಲ್ಲಿ ಗಾಳಿ ತಳ್ಳುವ ಚಕ್ರ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅಷ್ಟು ವೇಗದಲ್ಲಿ ಅದು ತೇಲುವುದೇ ಆಯಿಲ್ ಪದರದ ಮೇಲೆ. ತೆಳ್ಳಗಿನ ಪೈಪಿನಲ್ಲಿ ಪಂಪಿನ ಒತ್ತಡದಿಂದ ಆಯಿಲ್ ಒಳಗೆ ಬರುತ್ತದೆ. ಹೊರಗೆ ಹೋಗುವಾಗ ಒತ್ತಡ ಇಲ್ಲ. ದಪ್ಪ ಪೈಪಿನಲ್ಲಿ, ತೋಟದ ಕಣಿಯಲ್ಲಿ ನೀರು ಇಳಿದ ಹಾಗೆ, ತನ್ನ ಭಾರಕ್ಕೇ ಸಂಪಿಗೆ ಇಳಿಯಬೇಕು.

ಎರಡು ತುದಿಯಲ್ಲಿ ಇರುವುದು ರಬ್ಬರ್ ಸೀಲ್ ಅಲ್ಲ. ಪಿಸ್ಟನ್ ರಿಂಗಿನ ಹಾಗಿನ ಲೋಹದ ಸಣ್ಣ ಉಂಗುರ. ಆಯಿಲ್ ಕೆಳಗೆ ಸರಾಗ ಇಳಿಯುತ್ತಿದ್ದರೆ ಅಷ್ಟು ತಡೆ ಸಾಕು. ಕೆಳಗೆ ಕಣಿ ಕಟ್ಟಿದರೆ, ಅಥವಾ ಸಂಪಿನ ಕಡೆಯಿಂದ ಗಾಳಿ ಮೇಲಕ್ಕೆ ಒತ್ತುತ್ತಿದ್ದರೆ, ಆಯಿಲ್ ಟರ್ಬೊದಲ್ಲೇ ತುಂಬಿ ಆ ಉಂಗುರ ದಾಟಿ ಎಕ್ಸಾಸ್ಟಿಗೂ ಇಂಟೇಕಿಗೂ ಹೋಗುತ್ತದೆ. ಅಲ್ಲಿ ಹೊಚ್ಚ ಹೊಸ ಟರ್ಬೊ ಕೂರಿಸಿದರೂ ಅಷ್ಟೇ.

ಹಾಗಾಗಿ ಟರ್ಬೊಗೆ ದುಡ್ಡು ಕೊಡುವ ಮೊದಲು ಇಷ್ಟು ನೋಡಿ. ಎಂಜಿನ್ ತಣ್ಣಗಿರುವಾಗ ಗಾಳಿ ಬರುವ ಪೈಪ್ ಬಿಚ್ಚಿ ಚಕ್ರದ ಮೂತಿ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ಸ್ವಲ್ಪ ಅಲ್ಲಾಡುವುದು ಸರಿ, ಬೇರಿಂಗ್ ಹಾಗೇ ಮಾಡಿದ್ದು. ಹಿಂದೆ ಮುಂದೆ ಎಳೆದರೆ ಮಾತ್ರ ಕೈಗೆ ಗೊತ್ತಾಗುವಷ್ಟು ಆಡಬಾರದು. ಚಕ್ರ ಗೋಡೆಗೆ ತಾಗಿದ ಗೀರು ಇದ್ದರೆ, ರೆಕ್ಕೆ ಮುರಿದಿದ್ದರೆ, ಟರ್ಬೊ ನಿಜವಾಗಿ ಹೋಗಿದೆ. ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ಪೈಪಿನಲ್ಲಿ ತೆಳ್ಳಗೆ ಆಯಿಲ್ ಪಸೆ ಇದ್ದರೆ ಹೆದರಬೇಡಿ, ಬ್ರೀದರಿನ ಗಾಳಿ ಅದೇ ದಾರಿಯಲ್ಲಿ ಹೋಗುತ್ತದೆ. ಬಗ್ಗಿಸಿದಾಗ ಅರ್ಧ ಲೋಟ ಸುರಿದರೆ ಹೆದರಿ. ಆಮೇಲೆ ಕೆಳಗಿನ ದಪ್ಪ ಪೈಪ್ ಬಿಚ್ಚಿ ಒಳಗೆ ಟಾರಿನ ಹಾಗೆ ಕಟ್ಟಿದೆಯಾ ಅಂತ ನೋಡಿ.

ನನ್ನ ಹಳೆಯ ಟರ್ಬೊಗೆ ಈ ಯಾವ ಪರೀಕ್ಷೆಯನ್ನೂ ಯಾರೂ ಮಾಡಿರಲಿಲ್ಲ. ನಾನೂ ಕೇಳಿರಲಿಲ್ಲ.

ಬ್ರೀದರ್, ಮತ್ತು ಒಂದು ಕೈಗವಸು

ಯಾವ ಎಂಜಿನ್ನಿನಲ್ಲೂ ಪಿಸ್ಟನ್ ಪಕ್ಕದಿಂದ ಸ್ವಲ್ಪ ಗ್ಯಾಸ್ ಕೆಳಗೆ ನುಸುಳುತ್ತದೆ. ಅದನ್ನು ಹೊರಗೆ ಬಿಡದೆ ಮತ್ತೆ ಇಂಟೇಕಿಗೆ ಕಳಿಸಿ ಸುಡುವುದು ಬ್ರೀದರಿನ ಕೆಲಸ. ಟರ್ಬೊ ಕಾರಿನಲ್ಲಿ ಇದಕ್ಕೆ ಎರಡು ದಾರಿ. ಐಡಲಿನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಪೈಪ್) ಎಳೆಯುತ್ತದೆ, ಗ್ಯಾಸ್ ಆ ಕಡೆ ಹೋಗುತ್ತದೆ. ಬೂಸ್ಟ್ ಬಂದಾಗ, ಅಂದರೆ ಟರ್ಬೊ ಗಾಳಿ ಒತ್ತಿ ತಳ್ಳುವಾಗ, ಮ್ಯಾನಿಫೋಲ್ಡಿನಲ್ಲೇ ಒತ್ತಡ. ಆಗ ಒಂದು ಸಣ್ಣ ಚೆಕ್ ವಾಲ್ವ್ ಮುಚ್ಚಿಕೊಂಡು, ಗ್ಯಾಸ್ ಟರ್ಬೊದ ಮುಂದಿನ ಪೈಪಿಗೆ ಹೋಗುತ್ತದೆ. ಚೆಕ್ ವಾಲ್ವ್ ಮುಚ್ಚದೆ ಸಿಕ್ಕಿಕೊಂಡರೆ ಬೂಸ್ಟಿನ ಗಾಳಿಯೇ ಎಂಜಿನ್ನಿನ ಹೊಟ್ಟೆಗೆ ನುಗ್ಗಿ ಎಲ್ಲ ಸೀಲನ್ನೂ ಹೊರಗೆ ತಳ್ಳುತ್ತದೆ. ಪೈಪ್ ಕಟ್ಟಿಕೊಂಡರೂ ಕೊನೆಗೆ ಅಲ್ಲಿಗೇ ಬರುತ್ತದೆ.

ಪರೀಕ್ಷೆಗೆ ಹತ್ತು ರೂಪಾಯಿಯೂ ಬೇಡ. ಎಂಜಿನ್ ಬಿಸಿ ಮಾಡಿ ಐಡಲಿನಲ್ಲಿ ಬಿಡಿ. ಆಯಿಲ್ ತುಂಬುವ ಮುಚ್ಚಳ ತೆಗೆದು ಬಾಯಿಗೆ ಡಾಕ್ಟರ ತೆಳ್ಳಗಿನ ಕೈಗವಸು ಸಿಕ್ಕಿಸಿ. ಕೈ ಮತ್ತು ಅಂಗಿಯ ತೋಳು ಬೆಲ್ಟಿನಿಂದ ದೂರ ಇರಲಿ. ಗವಸು ಸ್ವಲ್ಪ ಒಳಗೆ ಎಳೆದುಕೊಂಡರೆ, ಅಥವಾ ಜೋತು ಬಿದ್ದಿದ್ದರೆ, ಬ್ರೀದರ್ ಸರಿ ಇದೆ. ಗವಸು ಹಾಕುವ ಮೊದಲು ಬಾಯಿಯಿಂದ ಸ್ವಲ್ಪ ಹಬೆ ಕಂಡರೆ ಅದನ್ನೇ ನೋಡಿ "ರಿಂಗ್ ಹೋಯಿತು" ಅನ್ನುವವರಿದ್ದಾರೆ. ಕೇಳಬೇಡಿ.

ನನ್ನ ಕಾರಿನ ಗವಸು ಹಾಲು ತುಂಬಿದ ಕೆಚ್ಚಲಿನ ಹಾಗೆ ಉಬ್ಬಿ ನಿಂತಿತು. ಐದು ಮೊಲೆ ಬೇರೆ.

ಪೈಪುಗಳನ್ನು ಬಿಚ್ಚಿದಾಗ ಎಂಜಿನ್ ಬ್ಲಾಕಿನಿಂದ ಹೊರಡುವ ಮೊದಲ ಪೈಪ್ ಕಪ್ಪು ಕೆಸರಿನಿಂದ ಪೂರ್ತಿ ಕಟ್ಟಿತ್ತು. ಮ್ಯಾನಿಫೋಲ್ಡ್ ಕಡೆಯ ರಬ್ಬರ್ ಇಡ್ಲಿಯ ಹಾಗೆ ಮೆತ್ತಗಾಗಿ ಅಡಿಭಾಗದಲ್ಲಿ ಸೀಳಿತ್ತು. ಅಲ್ಲಿಗೆ ಇನ್ನೊಂದು ಒಗಟೂ ಬಿಡಿಸಿತು. ಸ್ಕ್ಯಾನರ್ ಹಾಕಿದಾಗಲೆಲ್ಲ ಪಿ0171 ಮತ್ತು ಪಿ0300 ಅಂತ ಎರಡು ಕೋಡ್ ಬರುತ್ತಿದ್ದವು. ಮೊದಲನೆಯದು ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಜಾಸ್ತಿ ಅಂತ, ಎರಡನೆಯದು ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಅಂತ. ಮಿಸ್‌ಫೈರ್ ಅಂದ ಕೂಡಲೇ ಕಿಡಿ ಕೊಡುವ ಕಾಯಿಲ್ ಬದಲಾಯಿಸುವುದು ರೂಢಿ, ನಾನೂ ಎರಡು ಬದಲಾಯಿಸಿದ್ದೆ. ನಿಜವಾಗಿ ಸೀಳಿದ ಪೈಪಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿತ್ತು. ಐಡಲಿನಲ್ಲಿ ಕಾರು ಚಳಿ ಜ್ವರ ಬಂದವರ ಹಾಗೆ ನಡುಗುತ್ತಿದ್ದದ್ದು ಅದಕ್ಕೇ.

ಇಲ್ಲೇ ಒಂದು ಎಚ್ಚರಿಕೆ. ಮುಚ್ಚಳದ ಒಳಗೆ ಹಾಲಿನ ಕೆನೆಯ ಹಾಗೆ ತಿಳಿ ಕಂದು ಪದಾರ್ಥ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಗಾಬರಿ ಬೇಡ. ನಮ್ಮ ಮಳೆಗಾಲದ ತೇವದಲ್ಲಿ, ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್ ಹೋಗಿ ಬರುವ ಕಾರಿನಲ್ಲಿ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗೆ ನೀರು ಹನಿಗಟ್ಟಿ ಆಯಿಲ್ ಜೊತೆ ಸೇರುತ್ತದೆ. ಕೂಲೆಂಟ್ ಮಟ್ಟ ಇಳಿಯುತ್ತಿದೆಯಾ ನೋಡಿ. ಇಳಿಯದಿದ್ದರೆ ಒಮ್ಮೆ ಮಂಗಳೂರಿಗೆ ಹೋಗಿ ಬನ್ನಿ, ಕೆನೆ ಮಾಯವಾಗಬಹುದು. ಆದರೆ ಈ ಕೆನೆಯೇ ವರ್ಷಗಟ್ಟಲೆ ಸೇರಿ ಬ್ರೀದರ್ ಕಟ್ಟುವುದರಲ್ಲಿ ಪಾಲು ಪಡೆಯುತ್ತದೆ.

ಕಂಪ್ರೆಷನ್

ಬ್ರೀದರ್ ಸರಿ ಮಾಡಿದ ಮೇಲೂ ಗವಸು ಉಬ್ಬಿದರೆ ಆಗ ರಿಂಗ್ ಸವೆದಿರಬಹುದು. ಅದಕ್ಕೆ ಕಂಪ್ರೆಷನ್, ಅಂದರೆ ಸಿಲಿಂಡರ್ ಹಿಡಿಯುವ ಒತ್ತಡ ಅಳೆಯಬೇಕು. ಎಂಜಿನ್ ಬಿಸಿ, ನಾಲ್ಕೂ ಪ್ಲಗ್ ಹೊರಗೆ, ಪೆಟ್ರೋಲ್ ಮತ್ತು ಕಿಡಿ ಎರಡೂ ಬಂದ್, ಆಕ್ಸಿಲರೇಟರ್ ಪೂರ್ತಿ ತುಳಿದು, ಗೇಜ್ ಹಾಕಿ ಐದಾರು ಸುತ್ತು ಕ್ರ್ಯಾಂಕ್ ಮಾಡಿ. ನನ್ನದು 11.5, 11, 11, 11.5 ಬಾರ್. ಅಂಕಿ ಎಷ್ಟಿದೆ ಅನ್ನುವುದಕ್ಕಿಂತ ನಾಲ್ಕರ ನಡುವಿನ ವ್ಯತ್ಯಾಸ ನೋಡಿ. ಒಂದು ಕಡಿಮೆ ಇದ್ದರೆ ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಕಂಪ್ರೆಷನ್ ಚೆನ್ನಾಗಿದ್ದರೂ ಎಂಜಿನ್ ಆಯಿಲ್ ತಿನ್ನಬಹುದು, ಇದು ಬಹಳ ಮಂದಿಗೆ ಗೊತ್ತಿಲ್ಲ. ಒತ್ತಡ ಹಿಡಿಯುವುದು ಮೇಲಿನ ಎರಡು ರಿಂಗ್. ಗೋಡೆಯ ಆಯಿಲ್ ಕೆರೆದು ತೆಗೆಯುವುದು ಮೂರನೆಯದು. ಅದು ಕರಿಗಟ್ಟಿ ಸಿಕ್ಕಿಕೊಂಡರೆ ಗೇಜಿಗೆ ಗೊತ್ತಾಗುವುದಿಲ್ಲ, ಪ್ಲಗ್ಗಿಗೆ ಗೊತ್ತಾಗುತ್ತದೆ. ಬಿಚ್ಚಿದ ಪ್ಲಗ್ಗುಗಳನ್ನು ಕ್ರಮವಾಗಿ ಸಾಲಾಗಿ ಇಡಿ. ಒಂದು ಮಾತ್ರ ಒದ್ದೆ ಕಪ್ಪಾಗಿದ್ದರೆ ತೊಂದರೆ ಆ ಸಿಲಿಂಡರಿನದ್ದು. ನಾಲ್ಕೂ ಒಂದೇ ಹಾಗೆ ಕಪ್ಪಾಗಿದ್ದರೆ ಆಯಿಲ್ ಎಲ್ಲಕ್ಕೂ ಸಮನಾಗಿ ಬರುವ ದಾರಿಯಿಂದ, ಅಂದರೆ ಬ್ರೀದರ್ ಅಥವಾ ಟರ್ಬೊ ಕಡೆಯಿಂದ ಬರುತ್ತಿರುವ ಸಾಧ್ಯತೆ ಜಾಸ್ತಿ. ನನ್ನವು ನಾಲ್ಕೂ ಒಂದೇ ಹಾಗಿದ್ದವು.

ಕೆಂಪು ಲೈಟು ಬೇರೆ ವಿಷಯ

ಹಳದಿ ಲೈಟು ಆಯಿಲ್ ಕಡಿಮೆ ಅಂತ. ಕೆಂಪು ಲೈಟು ಆಯಿಲ್ ಒತ್ತಡ ಇಲ್ಲ ಅಂತ. ಕೆಂಪು ಬಂದು ಬಝರ್ ಕೂಗಿದರೆ ಅಲ್ಲೇ ಬದಿಗೆ ಹಾಕಿ ಆರಿಸಿ. ಪೆಟ್ರೋಲ್ ಬಂಕ್ ಇಲ್ಲೇ ಮುಂದೆ ಇದೆ ಅಲ್ವಾ ಅಂತ ಒಂದು ಕಿಲೋಮೀಟರ್ ಓಡಿಸಿದರೆ ಬೇರಿಂಗ್ ಮುಗಿಯಬಹುದು, ಟರ್ಬೊ ಅದಕ್ಕಿಂತ ಮೊದಲೇ.

ಬ್ರೀದರಿನಲ್ಲಿ ಕೆಸರು ಸಿಕ್ಕಿದ ಮೇಲೆ ಸಂಪ್ ಬಿಚ್ಚದೆ ಇರಬಾರದು. ಪಂಪಿಗೆ ಆಯಿಲ್ ಹೀರುವ ಕೊಳವೆಯ ಬಾಯಿಗೆ ಒಂದು ಜಾಲರಿ ಇದೆ. ನನ್ನ ಕಾರಿನಲ್ಲಿ ಅದರ ಅರ್ಧಕ್ಕಿಂತ ಜಾಸ್ತಿ ಮುಚ್ಚಿತ್ತು. ಇನ್ನೂ ಕೆಲವು ತಿಂಗಳು ಹೊಗೆಯನ್ನೇ ನೋಡುತ್ತಾ ಕೂತಿದ್ದರೆ ಕೆಂಪು ಲೈಟು ಬರುತ್ತಿತ್ತು. ಅನುಮಾನ ಇದ್ದರೆ ಒತ್ತಡದ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮುಳ್ಳಿನ ಗೇಜ್ ಹಾಕಿ ನೋಡಿ. ಬಿಸಿ ಎಂಜಿನ್ನಿನಲ್ಲಿ ಐಡಲಿಗೆ 1 ಬಾರ್‌ಗಿಂತ ಮೇಲೆ, 2000 ಆರ್‌ಪಿಎಮ್‌ಗೆ 2 ಬಾರ್‌ಗಿಂತ ಮೇಲೆ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ನಿಮ್ಮ ಎಂಜಿನ್ನಿನ ರಿಪೇರಿ ಪುಸ್ತಕದ ಅಂಕಿಯೇ ಕೊನೆಯ ಮಾತು.

ಕೆಸರು ಕರಗಿಸುವ ಫ್ಲಶ್ ಡಬ್ಬಿ ಸುರಿಯಬೇಡಿ. ಹಳೆಯ ಕೆಸರು ಕರಗುವ ಬದಲು ಚಕ್ಕೆ ಚಕ್ಕೆಯಾಗಿ ಎದ್ದು ಜಾಲರಿಗೇ ಹೋಗಿ ಕೂರಬಹುದು. "ಜೀಪಿಗೆ ಹಾಕುವ ದಪ್ಪ ಆಯಿಲ್ ಹಾಕಿ, ಹೊಗೆ ನಿಲ್ಲುತ್ತದೆ" ಅನ್ನುವ ಸಲಹೆಯೂ ನನಗೆ ಎರಡು ಮೂರು ಕಡೆಯಿಂದ ಬಂದಿತ್ತು. ಹೊಗೆ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ತಣ್ಣಗಿನ ಸ್ಟಾರ್ಟಿನಲ್ಲಿ ಆ ದಪ್ಪ ಆಯಿಲ್ ಟರ್ಬೊ ಮುಟ್ಟಲು ತಡ ಮಾಡುತ್ತದೆ, ಅರ್ಧ ಮುಚ್ಚಿದ ಜಾಲರಿಯಲ್ಲಂತೂ ಇನ್ನೂ ತಡ.

ಮಾಡಿದ ಕೆಲಸ ಇಷ್ಟು. ಬ್ರೀದರಿನ ಎಲ್ಲ ಪೈಪ್, ಚೆಕ್ ವಾಲ್ವ್, ಒತ್ತಡ ನಿಯಂತ್ರಿಸುವ ವಾಲ್ವ್ ಹೊಸತು. ಸಂಪ್ ತೊಳೆದು ಜಾಲರಿಯ ಕೊಳವೆ ಹೊಸತು. ಟರ್ಬೊದ ಎರಡೂ ಆಯಿಲ್ ಪೈಪ್ ಸ್ವಚ್ಛ ಮಾಡಿ ಗ್ಯಾಸ್ಕೆಟ್ ಹೊಸತು, ವಾಲ್ವ್ ಕವರಿನದ್ದೂ. ಪುಸ್ತಕದಲ್ಲಿ ಹೇಳಿದ ದರ್ಜೆಯ ಪೂರ್ತಿ ಸಿಂಥೆಟಿಕ್ 5ಡಬ್ಲ್ಯೂ-40. ಅದನ್ನು 1000 ಕಿಲೋಮೀಟರಿಗೇ ಚೆಲ್ಲಿ ಮತ್ತೊಮ್ಮೆ ಫಿಲ್ಟರ್ ಬದಲಾಯಿಸಿದೆ, ಉಳಿದ ಕೆಸರು ಬರಲಿ ಅಂತ. ಎರಡನೇ ಸಲವೂ ಬಗ್ಗಡವೇ ಬಂತು. ಒಟ್ಟು ಖರ್ಚು ಟರ್ಬೊಗೆ ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ. ಈಗ 6,000 ಕಿಲೋಮೀಟರಿಗೆ ಅಥವಾ ಮಳೆಗಾಲ ಮುಗಿದ ಕೂಡಲೇ, ಯಾವುದು ಮೊದಲೋ ಆಗ ಆಯಿಲ್ ಬದಲಾಯಿಸುತ್ತೇನೆ. ಗುಡ್ಡೆ ಹತ್ತಿ ಮನೆಗೆ ಬಂದ ಮೇಲೆ ಒಂದು ನಿಮಿಷ ಐಡಲಿನಲ್ಲಿ ಬಿಟ್ಟು ಆರಿಸುತ್ತೇನೆ.

ಅಂಗಳದ ಈಗಿನ ಲೆಕ್ಕ 1000 ಕಿಲೋಮೀಟರಿಗೆ 250 ಮಿಲಿ. ಬೆಳಿಗ್ಗೆ ಒಂದು ಸಣ್ಣ ನೀಲಿ ಬುಗ್ಗೆ ಇನ್ನೂ ಬರುತ್ತದೆ, ಅದು ವಾಲ್ವ್ ಸೀಲ್. ಅದಕ್ಕಾಗಿ ಹೆಡ್ ಬಿಚ್ಚುವ ಮನಸ್ಸಿಲ್ಲ. ರೈಲು ಗೇಟಿನಲ್ಲಿ ಹಿಂದಿನವರು ಈಗ ಹಾರ್ನ್ ಹಾಕುವುದು ನಾನು ಹೊರಡಲು ತಡ ಮಾಡಿದರೆ ಮಾತ್ರ.

ತೆಗೆದುಹಾಕಿದ ಹಳೆಯ ಟರ್ಬೊವನ್ನು ಮಂಗಳೂರಿನಿಂದ ಕೇಳಿ ತಂದಿದ್ದೆ. ಮೊನ್ನೆ ಅಡಿಕೆ ಕೊಟ್ಟಿಗೆಯ ಮಾಡಿನಿಂದ ಇಳಿಸಿ ಶಾಫ್ಟ್ ಹಿಡಿದು ಹಿಂದೆ ಮುಂದೆ ಎಳೆದು ನೋಡಿದೆ. ಆಟವೇ ಇಲ್ಲ. ಬೆರಳಲ್ಲಿ ತಿರುಗಿಸಿ ಬಿಟ್ಟರೆ ಸದ್ದಿಲ್ಲದೆ ಸುತ್ತುತ್ತದೆ.